ಮನೆಯಲ್ಲೇ 12 ಕೆಜಿ ಕೇಕ್ ಆರ್ಡರ್: ದರ ಹೇಗೆ ಕಟ್ಟಬೇಕು, ಲೆಕ್ಕ ಎಲ್ಲಿ ತಪ್ಪುತ್ತದೆ?

ಗೋಕಾಕ/ಮೂಡಲಗಿ/ಹುಕ್ಕೇರಿ: ಮಗುವಿನ ಮೊದಲ ಹುಟ್ಟುಹಬ್ಬ, ಕುಬಸ, ನಿವೃತ್ತಿ ಸನ್ಮಾನ, ಯಾವುದೇ ಇರಲಿ, ಕರದಂಟಿನ ಡಬ್ಬಿ ಜೊತೆಗೆ ಈಗ ಕೇಕೂ ಬೇಕೇ ಬೇಕು. ವಾಟ್ಸಾಪ್ ಸ್ಟೇಟಸ್ ನೋಡಿ ಮನೆಯಲ್ಲಿ ಕೇಕ್ ಮಾಡುವವರಿಗೆ ಆರ್ಡರ್ ಕೊಡುವವರು ಹೆಚ್ಚಾಗಿದ್ದಾರೆ. ಒಂದು ಕೆಜಿ ಆರ್ಡರ್‌ನಲ್ಲಿ ತೊಂದರೆ ಇಲ್ಲ. ಹತ್ತು-ಹನ್ನೆರಡು ಕೆಜಿ ಬಂದಾಗ ಮಾತ್ರ ಎರಡು ದಿನ ದುಡಿದ ಮೇಲೆ ಕೈಯಲ್ಲಿ ಏನೂ ಉಳಿಯದ ಪರಿಸ್ಥಿತಿ ಬರುತ್ತದೆ.

ಮೊದಲು ತೂಕ. ಗಿರಾಕಿ "200 ಮಂದಿ ಬರ್ತಾರ್ರಿ" ಅಂದರೆ 20 ಕೆಜಿ ಬೇಕಿಲ್ಲ. ಹೋಳಿಗೆ, ಎಣ್ಣೆಗಾಯಿ ಊಟ ಇರುವ ಕಾರ್ಯಕ್ರಮದಲ್ಲಿ ಒಬ್ಬರಿಗೆ 60 ಗ್ರಾಂ ತುಂಡು ಸಾಕು. ಅಂದರೆ 12 ಕೆಜಿ. ಬರೀ ಕೇಕ್, ಚಿಪ್ಸ್, ಜ್ಯೂಸ್ ಕೊಡುವ ಸಂಜೆ ಪಾರ್ಟಿಯಾದರೆ 90-100 ಗ್ರಾಂ ಹಿಡಿಯಬೇಕು.

ಈ 12 ಕೆಜಿಯನ್ನೂ ಅಂತಸ್ತಿನ ಮೇಲೆ ಅಂತಸ್ತು ಏರಿಸಿ ಅಲಂಕಾರ ಮಾಡಬೇಕಿಲ್ಲ. ಸ್ಟೇಜ್ ಮೇಲೆ ಕತ್ತರಿಸಲು, ಫೋಟೋಕ್ಕೆ 3 ಕೆಜಿಯ ಎರಡು ಅಂತಸ್ತಿನ ಕೇಕ್ ಸಾಕು. ಉಳಿದ 9 ಕೆಜಿಯನ್ನು ಅದೇ ರುಚಿಯಲ್ಲಿ ಚೌಕ ಟ್ರೇಗಳಲ್ಲಿ ಸಾದಾ ಮಾಡಿ, ಅಡುಗೆ ಮನೆಯಲ್ಲೇ ಕತ್ತರಿಸಿ ಹಂಚಬಹುದು. ಗಿರಾಕಿಗೆ ರೊಕ್ಕ ಉಳಿಯುತ್ತದೆ, ಮಾಡುವವರಿಗೆ ಒಂದು ರಾತ್ರಿ ನಿದ್ದೆ ಉಳಿಯುತ್ತದೆ. ಆದರೆ ಇದನ್ನು ಆರ್ಡರ್ ತೆಗೆದುಕೊಳ್ಳುವಾಗಲೇ ಹೇಳಿರಬೇಕು. ತತ್ತಿ ಹಾಕಬೇಕೋ ಬೇಡವೋ ಎಂಬುದೂ ಅವತ್ತೇ ಇತ್ಯರ್ಥವಾಗಲಿ. ಈ ಭಾಗದಲ್ಲಿ ಲಿಂಗಾಯತ, ಜೈನ ಮನೆತನಗಳು ಹೆಚ್ಚು. ಬಂದವರಲ್ಲಿ ಅರ್ಧ ಮಂದಿ ತತ್ತಿ ತಿನ್ನದಿದ್ದರೆ ಪೂರ್ತಿ ಆರ್ಡರನ್ನೇ ತತ್ತಿ ಇಲ್ಲದೆ ಮಾಡುವುದು ಸುರಕ್ಷಿತ.

ಇನ್ನು ಸಮಯ. ಒಂದು ಕೆಜಿ ಕ್ರೀಮ್ ಕೇಕ್‌ನಲ್ಲಿ ಸ್ಪಂಜ್ ಸುಮಾರು ಅರ್ಧ ಕೆಜಿ, ಉಳಿದದ್ದು ಕ್ರೀಮು, ಸಕ್ಕರೆ ನೀರು. 12 ಕೆಜಿಗೆ ಆರು ಕೆಜಿ ಸ್ಪಂಜ್. ಮನೆಯ ಸಣ್ಣ ಓವನ್‌ನಲ್ಲಿ ಒಂದು ಸಲಕ್ಕೆ ಅರ್ಧ ಕೆಜಿ, 40 ನಿಮಿಷ ಎಂದರೂ 12 ಸುತ್ತಿಗೆ ಎಂಟು ತಾಸು ಬೇಕು. ಸ್ಪಂಜನ್ನು ಎರಡು ದಿನ ಮೊದಲೇ ಬೇಯಿಸಿ, ಆರಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಫ್ರಿಜ್‌ನಲ್ಲಿ ಇಡಬಹುದು. ಕ್ರೀಮ್ ಕೆಲಸ ಹಿಂದಿನ ರಾತ್ರಿಗೆ ಇರಲಿ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿರಲಿ, ಹೆಸ್ಕಾಂ ಇರಲಿ, ಕರೆಂಟ್ ತೆಗೆಯುವ ದಿನ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಗೃಹಜ್ಯೋತಿ ಇರುವ ಮನೆಗಳು ಮೀಟರ್ ಕಡೆಗೂ ಕಣ್ಣಿಡಬೇಕು. ತಿಂಗಳ ಬಳಕೆ 200 ಯುನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ಈಗ ದರ. "ಸಾಮಾನಿನ ರೊಕ್ಕದ ಎರಡು ಪಟ್ಟು" ಎಂಬುದು ಎಲ್ಲರೂ ಹೇಳುವ ಲೆಕ್ಕ. ದೊಡ್ಡ ಆರ್ಡರ್‌ನಲ್ಲಿ ಇದೇ ಕೈ ಕೊಡುತ್ತದೆ. ಒಂದು ಉದಾಹರಣೆ ನೋಡಿ (ದರಗಳನ್ನು ನಿಮ್ಮ ಅಂಗಡಿ ಬಿಲ್ ಪ್ರಕಾರ ಬದಲಿಸಿಕೊಳ್ಳಿ). ಸಾಮಾನು ಕೆಜಿಗೆ 230 ರೂ. ಹಿಡಿದರೆ 12 ಕೆಜಿಗೆ 2,760 ರೂ. ಡಬ್ಬಿ, ಬೋರ್ಡ್, ಟಾಪರ್ 540. ಕರೆಂಟು, ಗ್ಯಾಸ್ 150. ಕೆಟ್ಟದ್ದು, ಉಳಿದದ್ದು 140. ಗಾಡಿ ಬಾಡಿಗೆ 600. ಸಂತೆ-ಅಂಗಡಿ ಓಡಾಟ, ಪಾತ್ರೆ ತೊಳೆಯುವುದೂ ಸೇರಿ 20 ತಾಸು ಕೆಲಸಕ್ಕೆ ತಾಸಿಗೆ 80 ರೂ.ನಂತೆ 1,600. ಒಟ್ಟು 5,790 ರೂ. ಎರಡು ಪಟ್ಟಿನ ಲೆಕ್ಕದಲ್ಲಿ ಬರುವುದು 5,520 ಮಾತ್ರ. ಅಂದರೆ ಲಾಭದ ಮಾತು ಹಾಗಿರಲಿ, ಕೈಯಿಂದಲೇ 270 ರೂ. ಹೋಯಿತು.

ತಾಸಿಗೆ 80 ಜಾಸ್ತಿ ಆಯ್ತು ಎನ್ನುವವರಿಗೆ ಒಂದು ಮಾತು: 2025-26ರಲ್ಲಿ ರಾಜ್ಯದ ನರೇಗಾ ದಿನಗೂಲಿಯೇ 370 ರೂ. ಇತ್ತು. ಕೇಕ್ ಅಲಂಕಾರ ಕಲಿತು ಮಾಡುವ ಕೆಲಸ.

5,790ಕ್ಕೆ ಶೇ 20 ಲಾಭ ಸೇರಿಸಿದರೆ 6,948 ರೂ., ಸರಾಸರಿ ಕೆಜಿಗೆ 580. ಇದನ್ನೇ ಸ್ಟೇಜ್ ಕೇಕ್ ಕೆಜಿಗೆ 800, ಸಾದಾ ಟ್ರೇ ಕೇಕ್ ಕೆಜಿಗೆ 510 ಎಂದು ಬಿಡಿಸಿ ಹೇಳಿದರೆ 6,990 ಆಗುತ್ತದೆ, ಗಿರಾಕಿಗೂ ಒಪ್ಪುತ್ತದೆ. "ಯಕ್ಕಾ, ನಾವೇನ್ ಹೊರಗಿನವರೇನ್ರಿ, ಸ್ವಲ್ಪ ಕಡಿಮಿ ಮಾಡ್ರಿ" ಎಂಬ ಮಾತು ಬಂದೇ ಬರುತ್ತದೆ. ಆಗ ಲಾಭದಲ್ಲಿ ಬೇಕಿದ್ದರೆ ಬಿಡಿ, ಕೂಲಿಯಲ್ಲಿ ಬೇಡ. ಅಡ್ವಾನ್ಸ್ ಅರ್ಧ. ಸಾಮಾನು ತಂದ ಮೇಲೆ ಕ್ಯಾನ್ಸಲ್ ಆದರೆ ಅದು ವಾಪಸ್ ಇಲ್ಲ ಎಂದು ವಾಟ್ಸಾಪ್‌ನಲ್ಲೇ ಬರೆದು ಒಪ್ಪಿಗೆ ಪಡೆಯಿರಿ.

ಗಾಢ ಬಣ್ಣ ಬೇಕು ಎನ್ನುವ ಗಿರಾಕಿಗಳಿಗೆ ತಿಳಿಹೇಳಲು ಕಾರಣವಿದೆ. 2024ರ ಅಕ್ಟೋಬರ್‌ನಲ್ಲಿ ರಾಜ್ಯ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳ ಪೈಕಿ 12ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತ್ತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಕೇಕ್‌ಗಳ ಬಗ್ಗೆ ಇಲಾಖೆ ವಿಶೇಷವಾಗಿ ಎಚ್ಚರಿಸಿತ್ತು. ಮನೆಯಲ್ಲಿ ಮಾಡಿ ಮಾರುವವರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಲೇಬೇಕು. ಫಾಸ್ಕಾಸ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ 14 ಅಂಕಿಯ ಸಂಖ್ಯೆ ಸಿಗುತ್ತದೆ.

ಕೇಕ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ 5ಕ್ಕೆ ಇಳಿದಿದೆ. ವರ್ಷಕ್ಕೆ 40 ಲಕ್ಷ ರೂ.ಗಿಂತ ಕಡಿಮೆ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಬೇಡ. ನೋಂದಣಿ ಇಲ್ಲದವರು ಬಿಲ್‌ನಲ್ಲಿ ತೆರಿಗೆ ಸೇರಿಸುವಂತೆಯೂ ಇಲ್ಲ. ಸಂಕೇಶ್ವರ ಕಡೆಯವರು ಗಮನಿಸಬೇಕು: ಗಡಿ ದಾಟಿ ಗಡಹಿಂಗ್ಲಜಕ್ಕೆ ಕೇಕ್ ಮಾರಿ ಕಳಿಸಿದರೆ ಅದು ಅಂತರರಾಜ್ಯ ಮಾರಾಟ, ಅದಕ್ಕೆ 40 ಲಕ್ಷದ ವಿನಾಯಿತಿ ಅನ್ವಯಿಸುವುದಿಲ್ಲ.

ಕೊನೆಗೆ ಸಾಗಾಟ. ಏಪ್ರಿಲ್-ಮೇ ಬಿಸಿಲಲ್ಲಿ ಕ್ರೀಮ್ ನಿಲ್ಲುವುದಿಲ್ಲ. ಮಧ್ಯಾಹ್ನದ ಕಾರ್ಯಕ್ರಮವಿದ್ದರೆ ಚಾಕೊಲೇಟ್ ಗನಾಶ್ ಅಥವಾ ಕ್ರೀಮ್ ಇಲ್ಲದ ಕೇಕ್ ಒಪ್ಪಿಸುವುದೇ ಮೇಲು, ಎಸಿ ಕಾರೂ ಬೇಕು. ಎರಡು ಅಂತಸ್ತುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಒಯ್ದು ಹಾಲ್‌ನಲ್ಲೇ ಜೋಡಿಸಬೇಕು. ಕಬ್ಬಿನ ಹಂಗಾಮು ಶುರುವಾದ ಮೇಲೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ಹಿಂದೆ ಸಿಕ್ಕಿದರೆ ಅರ್ಧ ತಾಸಿನ ದಾರಿ ಒಂದು ತಾಸಾಗುತ್ತದೆ. ಗಿರಾಕಿ ಹೇಳಿದ ಸಮಯಕ್ಕಿಂತ ಕನಿಷ್ಠ ಒಂದೂವರೆ ತಾಸು ಮೊದಲು ಮನೆ ಬಿಡಬೇಕು.