ಹಳೆಯ ಕಾರುಗಳ ಕ್ಲಚ್: ಸವೆತದ ಪತ್ತೆ ಮತ್ತು ಹೊಂದಾಣಿಕೆ

ಮೋಟಾರು ವಾಹನಗಳ ಅಧಿನಿಯಮ, 1988ರ 41ನೇ ಪ್ರಕರಣದನ್ವಯ ಸ್ವಂತ ಬಳಕೆಯ ಕಾರಿನ ನೋಂದಣಿಯು 15 ವರ್ಷಗಳವರೆಗೆ ಊರ್ಜಿತದಲ್ಲಿರುತ್ತದೆ. ತದನಂತರ ಅದನ್ನು 5 ವರ್ಷಗಳ ಅವಧಿಗೆ ನವೀಕರಿಸಿಕೊಳ್ಳಬೇಕಾಗುತ್ತದೆ. 1983ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ಕಾರಿನ ತಯಾರಿಕೆಯು 2014ರ ಜನವರಿಯಲ್ಲಿ ನಿಂತುಹೋಗಿದ್ದರೂ, ಮೊದಲ ನೋಂದಣಿ ಅವಧಿಯನ್ನು ದಾಟಿದ ಈ ಮಾದರಿಯ ಕಾರುಗಳು ಇಂದಿಗೂ ಬಳಕೆಯಲ್ಲಿವೆ. ಇಂತಹ ಕಾರುಗಳ ಮಾಲೀಕರು ಆಗಾಗ್ಗೆ ಎದುರಿಸುವ ಕ್ಲಚ್ ದೋಷದ ಬಗ್ಗೆ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇಲ್ಲಿನ ವಿವರಣೆಯು ಮುಖ್ಯವಾಗಿ ಮಾರುತಿ 800ರಂತೆ ಕೇಬಲ್ ಮೂಲಕ ಕಾರ್ಯನಿರ್ವಹಿಸುವ ಕ್ಲಚ್‌ಗೆ ಸಂಬಂಧಿಸಿದುದಾಗಿರುತ್ತದೆ.

ಕ್ಲಚ್‌ನ ಕಾರ್ಯವಿಧಾನ

ಪೆಡಲ್ ಮೇಲೆ ಕಾಲಿಡದಿರುವಾಗ ಪ್ರೆಷರ್ ಪ್ಲೇಟಿನ ಸ್ಪ್ರಿಂಗ್, ಕ್ಲಚ್ ಪ್ಲೇಟನ್ನು ಎಂಜಿನ್ನಿನ ಫ್ಲೈವೀಲಿಗೆ ಬಲವಾಗಿ ಒತ್ತಿ ಹಿಡಿದಿರುತ್ತದೆ. ಈ ಹಿಡಿತದಿಂದಲೇ ಎಂಜಿನ್ನಿನ ಶಕ್ತಿಯು ಗೇರ್‌ಬಾಕ್ಸಿಗೆ, ಅಲ್ಲಿಂದ ಚಕ್ರಗಳಿಗೆ ತಲುಪುತ್ತದೆ. ಪೆಡಲ್ ತುಳಿದಾಗ ಕೇಬಲ್ ಒಂದು ಸನ್ನೆಯನ್ನು ಎಳೆಯುತ್ತದೆ. ಸನ್ನೆಯು ರಿಲೀಸ್ ಬೇರಿಂಗನ್ನು ಮುಂದಕ್ಕೆ ತಳ್ಳಿ ಸ್ಪ್ರಿಂಗಿನ ಒತ್ತಡವನ್ನು ತೆಗೆಯುತ್ತದೆ.

ಪೆಡಲ್ ತುಳಿಯಲಾರಂಭಿಸಿದಾಗ ಮೊದಲ ಸ್ವಲ್ಪ ದೂರ ಅದು ಯಾವ ಪ್ರತಿರೋಧವೂ ಇಲ್ಲದೆ ಸಡಿಲವಾಗಿ ಚಲಿಸಬೇಕು. ಇದನ್ನು ಫ್ರೀ ಪ್ಲೇ ಎನ್ನುತ್ತಾರೆ. ಹಳೆಯ ಕಾರಿನ ಕ್ಲಚ್‌ನ ಆಯುಷ್ಯವು ಬಹುಮಟ್ಟಿಗೆ ಈ ಸಣ್ಣ ಅಂತರವನ್ನೇ ಅವಲಂಬಿಸಿದೆ. ಕ್ಲಚ್ ಪ್ಲೇಟಿನ ಲೈನಿಂಗ್ ಸವೆದು ತೆಳುವಾದಂತೆ ಪ್ರೆಷರ್ ಪ್ಲೇಟ್ ಫ್ಲೈವೀಲಿನ ಕಡೆಗೆ ಸರಿಯುತ್ತದೆ, ಅದರ ಸ್ಪ್ರಿಂಗಿನ ಬೆರಳುಗಳು ರಿಲೀಸ್ ಬೇರಿಂಗಿನ ಕಡೆಗೆ ಬಾಗುತ್ತವೆ. ಪರಿಣಾಮವಾಗಿ ಫ್ರೀ ಪ್ಲೇ ಹೆಚ್ಚುವ ಬದಲು ಕಡಿಮೆಯಾಗುತ್ತಾ ಹೋಗುತ್ತದೆ. ಅದು ಪೂರ್ತಿ ಇಲ್ಲವಾದಾಗ, ಚಾಲಕನು ಪೆಡಲ್ ಮುಟ್ಟದಿದ್ದರೂ ಕ್ಲಚ್ ಸ್ವಲ್ಪ ತುಳಿದ ಸ್ಥಿತಿಯಲ್ಲೇ ಉಳಿದು ಜಾರಲಾರಂಭಿಸುತ್ತದೆ. ಕೇಬಲ್ ಹಿಗ್ಗಿದಾಗಲಾದರೋ ಇದಕ್ಕೆ ವಿರುದ್ಧವಾಗಿ ಫ್ರೀ ಪ್ಲೇ ಹೆಚ್ಚಾಗುತ್ತದೆ.

ದೋಷವನ್ನು ಗುರುತಿಸುವುದು

ಕ್ಲಚ್ ಜಾರುವುದು ಹಾಗೂ ಕ್ಲಚ್ ಪೂರ್ತಿ ಬಿಡದಿರುವುದು ಪರಸ್ಪರ ವಿರುದ್ಧವಾದ ದೋಷಗಳು. ಇವುಗಳ ವ್ಯತ್ಯಾಸವನ್ನು ತಿಳಿಯದೆ ಸ್ಪ್ಯಾನರ್ ಕೈಗೆತ್ತಿಕೊಳ್ಳತಕ್ಕದ್ದಲ್ಲ.

ಜಾರುವ ಕ್ಲಚ್ ಮೊದಲು ಗೊತ್ತಾಗುವುದು ಏರಿನಲ್ಲಿ. ಚಾರ್ಮಾಡಿ ಅಥವಾ ಆಗುಂಬೆ ಘಾಟಿಯಂತಹ ರಸ್ತೆಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ಶಬ್ದ ಮಾತ್ರ ಏರುತ್ತದೆ, ವಾಹನದ ವೇಗ ಏರುವುದಿಲ್ಲ. ಸುಟ್ಟ ವಾಸನೆಯೂ ಬರಬಹುದು. ಹಿಂದೆ ಬಸ್ಸು, ಲಾರಿಗಳಿರುವ ತಿರುವಿನಲ್ಲಿ ಕಾರು ಮುಂದೆ ಹೋಗಲಾರದೆ ನಿಂತರೆ ಅದು ಕೇವಲ ಖರ್ಚಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಆದ್ದರಿಂದ ಘಾಟಿ ಪ್ರಯಾಣಕ್ಕೆ ಮುನ್ನ, ಸಮತಟ್ಟಾದ ಖಾಲಿ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ಮಧ್ಯಮ ವೇಗದಲ್ಲಿ ಸಾಗುತ್ತಿರುವಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ನೋಡುವುದು ಸೂಕ್ತ. ವೇಗ ಹೆಚ್ಚದೆ ಎಂಜಿನ್ನಿನ ಶಬ್ದ ಮಾತ್ರ ಒಮ್ಮೆಲೇ ಏರಿದಲ್ಲಿ ಕ್ಲಚ್ ಜಾರುತ್ತಿದೆಯೆಂದು ತಿಳಿಯಬೇಕು.

ನಿಂತಲ್ಲೇ ಮಾಡಬಹುದಾದ ಪರೀಕ್ಷೆಯೂ ಉಂಟು. ಎದುರಿಗೆ ಯಾರೂ ಇಲ್ಲದ ಬಯಲಿನಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ಬಲಗಾಲಿನಿಂದ ಬ್ರೇಕ್ ಒತ್ತಿ ಹಿಡಿದು, ಮೂರನೇ ಗೇರಿಗೆ ಹಾಕಿ ಕ್ಲಚ್ ಪೆಡಲನ್ನು ನಿಧಾನವಾಗಿ ಬಿಡಬೇಕು. ಸುಸ್ಥಿತಿಯ ಕ್ಲಚ್ ಆಗಿದ್ದಲ್ಲಿ ಎಂಜಿನ್ ಕೂಡಲೇ ನಿಂತುಹೋಗುತ್ತದೆ. ಎಂಜಿನ್ ಓಡುತ್ತಲೇ ಇದ್ದರೆ ಕ್ಲಚ್ ತೀವ್ರವಾಗಿ ಜಾರುತ್ತಿದೆಯೆಂದು ಅರ್ಥ. ಅಲ್ಪ ಪ್ರಮಾಣದ ಜಾರುವಿಕೆ ಈ ಪರೀಕ್ಷೆಯಲ್ಲಿ ಕಂಡುಬರುವುದಿಲ್ಲ. ಇದನ್ನು ಪದೇ ಪದೇ ಮಾಡಿದರೆ ಲೈನಿಂಗ್ ಕಾದು ಮತ್ತಷ್ಟು ಹಾಳಾಗುವುದರಿಂದ ಒಂದು ಸಲಕ್ಕೆ ಮುಗಿಸತಕ್ಕದ್ದು.

ಕ್ಲಚ್ ಪೂರ್ತಿ ಬಿಡದಿದ್ದಲ್ಲಿ ಗೇರ್ ಬದಲಾವಣೆ ಕಷ್ಟವಾಗುತ್ತದೆ. ಎಂಜಿನ್ ಐಡಲ್‌ನಲ್ಲಿರುವಾಗ ಪೆಡಲನ್ನು ಕೊನೆಯವರೆಗೆ ತುಳಿದು, ಕೆಲವು ಸೆಕೆಂಡು ಕಾದು ರಿವರ್ಸ್ ಗೇರ್ ಹಾಕಬೇಕು. ಈ ಕಾರಿನ ರಿವರ್ಸ್ ಗೇರಿಗೆ ಸಿಂಕ್ರೊಮೆಶ್ ಇಲ್ಲವಾದುದರಿಂದ, ಕ್ಲಚ್ ಬಿಡದಿದ್ದರೆ ಹಲ್ಲುಗಳು ಕರಕರ ಸದ್ದು ಮಾಡುತ್ತವೆ.

ಪೆಡಲ್ ತುಳಿದಾಗ ಮಾತ್ರ ಕೇಳಿಬರುವ ಶಬ್ದವು ಸಾಮಾನ್ಯವಾಗಿ ರಿಲೀಸ್ ಬೇರಿಂಗಿನದು. ತುಳಿದಾಗ ನಿಂತು, ಬಿಟ್ಟಾಗ ಮರಳಿ ಬರುವ ಶಬ್ದವು ಬಹುತೇಕ ಗೇರ್‌ಬಾಕ್ಸಿನ ಬೇರಿಂಗಿನದಾಗಿದ್ದು, ಅದಕ್ಕಾಗಿ ಕ್ಲಚ್ ಬದಲಾಯಿಸುವುದು ವ್ಯರ್ಥ ಖರ್ಚು. ಕಾರು ಹೊರಡುವಾಗ ನಡುಗಿದರೆ ಲೈನಿಂಗಿಗೆ ಎಣ್ಣೆ ತಗುಲಿರಬಹುದು ಅಥವಾ ಎಂಜಿನ್ ಮೌಂಟಿಂಗ್ ರಬ್ಬರುಗಳು ಸಡಿಲಗೊಂಡಿರಬಹುದು.

ಕೇಬಲ್ ಹೊಂದಾಣಿಕೆ

ಬ್ರೇಕ್ ಹಿಡಿಯದಿದ್ದರೆ ಬಿಗಿ ಮಾಡುವ ರೂಢಿಯಿಂದಲೋ ಏನೋ, ಕ್ಲಚ್ ಹಿಡಿಯದಿದ್ದರೂ ಕೇಬಲನ್ನು ಬಿಗಿ ಮಾಡಿಸುವುದು ಅನೇಕರ ಅಭ್ಯಾಸ. ಇದು ತಪ್ಪು. ಕೇಬಲ್ ಬಿಗಿಯಾದಷ್ಟೂ ಫ್ರೀ ಪ್ಲೇ ಕುಗ್ಗಿ, ಜಾರುವ ಕ್ಲಚ್ ಇನ್ನೂ ಹೆಚ್ಚು ಜಾರುತ್ತದೆ. ರಿಲೀಸ್ ಬೇರಿಂಗ್ ಸದಾ ಒತ್ತಡದಲ್ಲಿ ತಿರುಗಿ ಬೇಗ ಹಾಳಾಗುತ್ತದೆ. ಜಾರುವ ಕ್ಲಚ್‌ಗೆ ಫ್ರೀ ಪ್ಲೇ ಇಲ್ಲದಿದ್ದಲ್ಲಿ ಕೇಬಲನ್ನು ಸಡಿಲಿಸಬೇಕು. ಬಿಗಿ ಮಾಡಬೇಕಾದುದು, ಫ್ರೀ ಪ್ಲೇ ಅತಿಯಾಗಿ ಕ್ಲಚ್ ಪೂರ್ತಿ ಬಿಡದಿರುವಾಗ ಮಾತ್ರ.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಚಕ್ರಗಳಿಗೆ ಅಡ್ಡಗಲ್ಲು ಇಡತಕ್ಕದ್ದು. ಪೆಡಲಿನ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು, ಕೈಯಿಂದ ಮೆಲ್ಲಗೆ ಒತ್ತುತ್ತಾ ಪ್ರತಿರೋಧ ಆರಂಭವಾಗುವವರೆಗಿನ ದೂರವನ್ನು ಅಳೆಯಬೇಕು. ಕೇಬಲ್ ಕ್ಲಚ್‌ಗಳಲ್ಲಿ ಇದು ಸ್ಥೂಲವಾಗಿ 2 ಸೆಂ.ಮೀ. ಆಸುಪಾಸಿನಲ್ಲಿರುತ್ತದೆಯಾದರೂ, ಆಯಾ ಕಾರಿನ ಕೈಪಿಡಿಯಲ್ಲಿ ನಮೂದಿಸಿರುವ ಅಳತೆಯೇ ಅಂತಿಮ. ಗೇರ್‌ಬಾಕ್ಸಿನ ಬಳಿ ಸನ್ನೆಗೆ ಸೇರುವ ಕೇಬಲಿನ ತುದಿಯಲ್ಲಿ ಹೊಂದಾಣಿಕೆಯ ನಟ್ ಇರುತ್ತದೆ. ಕೇಬಲ್ ತಿರುಚಿಕೊಳ್ಳದಂತೆ ಹಿಡಿದು ನಟ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಪ್ರತಿ ಬಾರಿಯೂ ಪೆಡಲನ್ನು ಐದಾರು ಸಲ ತುಳಿದು ಮತ್ತೆ ಅಳೆಯುವುದು ಅವಶ್ಯ. ಇಲ್ಲವಾದಲ್ಲಿ ಕೇಬಲ್ ತನ್ನ ಸ್ಥಾನದಲ್ಲಿ ಕೂರುವ ಮೊದಲೇ ತಪ್ಪು ಅಳತೆ ಸಿಗುತ್ತದೆ. ಕೇಬಲಿನ ಎಳೆಗಳು ಬಿಚ್ಚಿಕೊಂಡಿದ್ದರೆ ಅಥವಾ ಚಲನೆ ಬಿಗಿಯಾಗಿದ್ದರೆ ಅದು ತುಂಡಾಗುವವರೆಗೆ ಕಾಯದೆ ಬದಲಾಯಿಸತಕ್ಕದ್ದು. ಹೊಸ ಕೇಬಲಿನ ಬೆಲೆಯು ಕ್ಲಚ್ ಸೆಟ್ಟಿನ ಬೆಲೆಗೆ ಹೋಲಿಸಿದಲ್ಲಿ ಅತ್ಯಲ್ಪ.

ದ್ರವಚಾಲಿತ ಕ್ಲಚ್ ಇರುವ ಕಾರುಗಳಿಗೆ ಈ ವಿಧಾನ ಅನ್ವಯಿಸುವುದಿಲ್ಲ. ಅವುಗಳಲ್ಲಿ ದ್ರವದ ಮಟ್ಟ, ಸೋರಿಕೆ ಹಾಗೂ ಕೊಳವೆಯಲ್ಲಿ ಸೇರಿದ ಗಾಳಿಯನ್ನು ಪರಿಶೀಲಿಸಬೇಕಾಗುತ್ತದೆ.

ಹೊಂದಾಣಿಕೆಯಿಂದ ಸರಿಹೋಗದಿದ್ದಲ್ಲಿ

ಸವೆದ ಲೈನಿಂಗನ್ನು ಯಾವ ಹೊಂದಾಣಿಕೆಯೂ ಮತ್ತೆ ದಪ್ಪವಾಗಿಸುವುದಿಲ್ಲ. ನಟ್ಟನ್ನು ಎಳೆಯ ಕೊನೆಯವರೆಗೆ ಸಡಿಲಿಸಿದರೂ ಫ್ರೀ ಪ್ಲೇ ದೊರೆಯದಿದ್ದರೆ, ಅಥವಾ ಸರಿಯಾದ ಫ್ರೀ ಪ್ಲೇ ಇದ್ದೂ ಕ್ಲಚ್ ಜಾರುತ್ತಿದ್ದರೆ, ಗೇರ್‌ಬಾಕ್ಸ್ ಇಳಿಸಿ ನೋಡುವುದು ಅನಿವಾರ್ಯ. ಇದು ಮನೆಯಂಗಳದಲ್ಲಿ ಮಾಡುವ ಕೆಲಸವಲ್ಲ. ಗೇರ್‌ಬಾಕ್ಸ್ ಇಳಿಸುವ ಕೂಲಿ ಒಂದೇ ಆಗಿರುವುದರಿಂದ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್ ಮತ್ತು ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಾಯಿಸುವುದು ಮಿತವ್ಯಯಕರ. ಲೈನಿಂಗಿಗೆ ಎಣ್ಣೆ ತಗುಲಿದ್ದಲ್ಲಿ ಸೋರುವ ಆಯಿಲ್ ಸೀಲನ್ನು ಮೊದಲು ಬದಲಾಯಿಸತಕ್ಕದ್ದು; ಇಲ್ಲದಿದ್ದರೆ ಹೊಸ ಪ್ಲೇಟೂ ಹಾಗೆಯೇ ಹಾಳಾಗುತ್ತದೆ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದಾದ ಕಾರಣ, ಒಳಗಿನ ಧೂಳನ್ನು ಗಾಳಿಯ ಒತ್ತಡದಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸುವಂತೆ ತಿಳಿಸುವುದು.

ಕೆಲಸಕ್ಕೆ ಮುನ್ನ ಅಂದಾಜು ವೆಚ್ಚವನ್ನು ಬರಹದಲ್ಲಿ ಪಡೆಯುವುದು, ಬಿಡಿಭಾಗ ಮತ್ತು ಕೂಲಿಯನ್ನು ಪ್ರತ್ಯೇಕವಾಗಿ ತೋರಿಸಿದ ರಸೀದಿ ಹಾಗೂ ಕಳಚಿದ ಹಳೆಯ ಭಾಗಗಳನ್ನು ಕೇಳಿ ಪಡೆಯುವುದು ಮಾಲೀಕರ ಹಿತದೃಷ್ಟಿಯಿಂದ ಅಗತ್ಯ. ಸವೆದ ಪ್ಲೇಟನ್ನು ಕೈಯಲ್ಲಿ ಹಿಡಿದು ರಿವೆಟ್‌ಗಳ ಮೇಲೆ ಎಷ್ಟು ಲೈನಿಂಗ್ ಉಳಿದಿದೆಯೆಂದು ನೋಡಿದರೆ, ಮಾಡಿದ ಖರ್ಚು ಅಗತ್ಯವಿತ್ತೇ ಇಲ್ಲವೇ ಎಂಬುದು ಯಾರಿಗಾದರೂ ತಿಳಿಯುತ್ತದೆ.

ಚಾಲನೆಯಲ್ಲಿ ಪೆಡಲ್ ಮೇಲೆ ಕಾಲಿರಿಸಿಕೊಂಡೇ ಇರುವುದು, ಏರಿನಲ್ಲಿ ಬ್ರೇಕಿನ ಬದಲು ಹಾಫ್ ಕ್ಲಚ್‌ನಲ್ಲಿ ಕಾರನ್ನು ನಿಲ್ಲಿಸಿಕೊಳ್ಳುವುದು ಹೊಸ ಪ್ಲೇಟನ್ನೂ ಬೇಗನೆ ಸವೆಸುತ್ತವೆ.

ಅಪಾಯಕ್ಕೆ ಎಡೆಮಾಡುವ ದೋಷವಿದೆಯೆಂದು ತಿಳಿದೂ, ಅಥವಾ ಸಾಮಾನ್ಯ ಎಚ್ಚರದಿಂದ ತಿಳಿಯಬಹುದಾಗಿದ್ದ ದೋಷವನ್ನು ಕಡೆಗಣಿಸಿ, ಸಾರ್ವಜನಿಕ ಸ್ಥಳದಲ್ಲಿ ವಾಹನ ಚಲಾಯಿಸುವುದು ಅಥವಾ ಚಲಾಯಿಸಲು ಬಿಡುವುದು ಸದರಿ ಅಧಿನಿಯಮದ 190ನೇ ಪ್ರಕರಣದ ಮೇರೆಗೆ ದಂಡನೀಯವಾಗಿರುತ್ತದೆ. ನೋಂದಣಿ ನವೀಕರಣದ ಅರ್ಜಿಯನ್ನು ನಮೂನೆ 25ರಲ್ಲಿ, ಅವಧಿ ಮುಗಿಯುವುದಕ್ಕೆ ಮುಂಚಿನ 60 ದಿನಗಳೊಳಗೆ ಸಲ್ಲಿಸಬೇಕಾಗಿದ್ದು, ವಾಹನವನ್ನು ತಪಾಸಣೆಗೆ ತರುವ ಮೊದಲೇ ಮೇಲ್ಕಂಡ ಪರೀಕ್ಷೆಗಳನ್ನು ಮುಗಿಸಿಕೊಳ್ಳುವಂತೆ ಮಾಲೀಕರನ್ನು ಕೋರಲಾಗಿದೆ. ನವೀಕರಣದ ಕುರಿತ ಹೆಚ್ಚಿನ ವಿವರಗಳಿಗೆ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿಯ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.