ಶಾಲೆಯ ಹಳದಿ ಬಿದಿರಿಗೂ ಒಂದು ಚರಿತ್ರೆ

ನಮ್ಮ ಶಾಲೆಯ ಗೇಟಿನ ಪಕ್ಕ ಹಳದಿ ಬಿದಿರಿನ ಒಂದು ಮೆಳೆ ಇದೆ. ಹೊಂಬಣ್ಣದ ಗಳು, ಮೇಲೆ ಕುಂಚದಲ್ಲಿ ಎಳೆದಂತೆ ಹಸಿರು ಗೆರೆ. ಅಂಗಳಕ್ಕೆ ಇಂಟರ್‌ಲಾಕ್ ಹಾಕುವ ಮಾತು ಬಂದಾಗ ಒಬ್ಬರು, "ಇದನ್ನು ತೆಗೆಯುವ. ಹೇಗೂ ಹೂ ಬಿಟ್ಟು ಸಾಯುವುದೇ ಅಲ್ಲವೇ?" ಎಂದರು. ಪಕ್ಕದಲ್ಲಿದ್ದ ಏಳನೆಯ ತರಗತಿಯ ಹುಡುಗಿ ಕೇಳಿದಳು: "ಮಾಷ್ಟ್ರೇ, ಇದು ಹೂ ಬಿಟ್ಟದ್ದನ್ನು ಯಾರಾದರೂ ನೋಡಿದ್ದಾರಾ?"

ನನ್ನಲ್ಲಿ ಉತ್ತರವಿರಲಿಲ್ಲ. ಹುಡುಕುತ್ತಾ ಹೋದೆ.

ಗುಡ್ಡದ ಮುಳ್ಳುಬಿದಿರು ನಮ್ಮ ನೆಲದ್ದೇ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಬಿದಿರನ್ನು 'ಮಂಬು' ಎಂದು ಕರೆದ. 1678ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಹೊರಬಂದ 'ಹೋರ್ತೂಸ್ ಮಲಬಾರಿಕಸ್'ನ ಮೊದಲ ಸಂಪುಟದಲ್ಲಿ 'ಇಲ್ಲಿ' ಎಂಬ ಮಲಯಾಳಂ ಹೆಸರಿನಲ್ಲೇ ಬಿದಿರಿನ ಚಿತ್ರವಿದೆ. ಮಾಡಿಸಿದವನು ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್. ಗಿಡಗಳ ವಿಷಯ ಹೇಳಿಕೊಟ್ಟವರು ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ಮಾತಿನ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ. 1753ರಲ್ಲಿ ಲಿನ್ನೇಯಸ್ ಈ ಬಿದಿರಿಗೆ 'ಬಾಂಬೋಸ್' ಎಂದು ಹೆಸರಿಟ್ಟ. ಆ ಶಬ್ದ ಕನ್ನಡದ 'ಬೊಂಬು'ವಿನಿಂದ ಹೋದದ್ದೆಂದು ಕೆಲವು ವಿದ್ವಾಂಸರು, ಮಲಯ ಭಾಷೆಯದೆಂದು ಇನ್ನು ಕೆಲವರು ಹೇಳುತ್ತಾರೆ.

ಈ ಮುಳ್ಳುಬಿದಿರು ಹಲವು ದಶಕಗಳಿಗೊಮ್ಮೆ ಗುಡ್ಡಪೂರ್ತಿ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ ಸಾಯುತ್ತದೆ. ಅವರು ಹೇಳಿದ ಮಾತು ಇದಕ್ಕೆ ಸರಿ. ಆದರೆ ಗೇಟಿನ ಪಕ್ಕದ ಹಳದಿ ಬಿದಿರು ಬೇರೆಯೇ ಜಾತಿ. ಇದರ ತವರು ಆಗ್ನೇಯ ಏಷ್ಯಾದ ಕಡೆ. ಹೂ ಬಿಡುವುದು ತೀರಾ ಅಪರೂಪ. ಬಿಟ್ಟರೂ ಬೀಜ ಕಟ್ಟುವುದಿಲ್ಲ. ಆದರೂ ಇದು ಆಫ್ರಿಕಾ, ಅಮೆರಿಕಗಳ ತೋಟಗಳವರೆಗೂ ಹೋಗಿದೆ. ಹೇಗೆ? ಮನುಷ್ಯರ ಕೈಯಿಂದ! ಒಂದು ಮೆಳೆಯಿಂದ ಕಡಿದ ತುಂಡೇ ಇನ್ನೊಂದು ಮೆಳೆ. ಕೈಯಿಂದ ಕೈಗೆ ದಾಟಿಯೇ ನಮ್ಮ ಗೇಟಿಗೂ ಬಂತು.

ಮಕ್ಕಳಿಗೆ ಇದನ್ನು ಹೇಳಿದೆ. ಮಳೆ ಹಿಡಿದ ಮೇಲೆ ಒಂದೆರಡು ವರ್ಷ ಬಲಿತ ಗಳುಗಳನ್ನು, ತುಂಡಿಗೆ ಎರಡು ಮೂರು ಗೆಣ್ಣು ಬರುವಂತೆ ಕಡಿದೆವು. ಮರಳು, ಸೆಗಣಿಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಅಡ್ಡ ಮಲಗಿಸಿ ನೆರಳು ಮಾಡಿದೆವು. ಕೆಲವು ವಾರಗಳಲ್ಲಿ ಗೆಣ್ಣು ಚಿಗುರಿತು. ಇದು ಬುಡದಲ್ಲೇ ಗುಂಪಾಗಿ ಬೆಳೆಯುವ ಜಾತಿ, ದೂರ ಹರಡುವುದಿಲ್ಲ. ಆದರೂ ಗೋಡೆಯಿಂದ ಹತ್ತಡಿ ಬಿಟ್ಟು ನೆಡಿ. ಮಳೆಗಾಲದ ಕಣಿಲೆಗಳನ್ನು ಬೆಳೆಯಲು ಬಿಡಿ. ಮೂರು ವರ್ಷ ದಾಟಿದ ಗಳುಗಳನ್ನು ಬೇಸಿಗೆಯಲ್ಲಿ ತೆಗೆಯಿರಿ.

ಗಿಡಗಳನ್ನು ಮಕ್ಕಳು ಮನೆಗೆ ಒಯ್ದರು. ಅದನ್ನು ನೋಡಿದ ಮೇಲೆ ಇಂಟರ್‌ಲಾಕ್ ಮೆಳೆಯ ಬುಡವನ್ನು ಬಿಟ್ಟು ಸುತ್ತಿಕೊಂಡು ಹೋಯಿತು.

ಬೀಜವಿಲ್ಲದ ಗಿಡ ಯಾರೂ ಕಡಿದು ಕೊಡದಿದ್ದರೆ ಅಲ್ಲಿಗೇ ನಿಲ್ಲುತ್ತದೆ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಕನ್ನಡದ ಪಾಠ ಹೇಳುವವನಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ನಿಮ್ಮ ಶಾಲೆಗೂ ಬೇಕೇ? ಮಳೆ ಶುರುವಾದ ಮೇಲೆ ಬನ್ನಿ, ಒಂದು ತುಂಡು ಕೊಡುತ್ತೇವೆ.