ಮತ್ಸ್ಯವಿನೋದ ಮತ್ತು ಅಂಬಿಗರ ನುಡಿ: ಮಲಪ್ರಭಾ–ಕೃಷ್ಣಾ ತೀರದ ಗಾಳಗಾರಿಕೆಯ ಇತಿಹಾಸ

ಬಾಗಲಕೋಟೆ ಜಿಲ್ಲೆಯ ಚರಿತ್ರೆಯನ್ನು ಕುರಿತ ಅಧ್ಯಯನಗಳಲ್ಲಿ ಬಾದಾಮಿಯ ಗುಹೆಗಳು, ಐಹೊಳೆ–ಪಟ್ಟದಕಲ್ಲುಗಳ ದೇವಾಲಯಗಳು, ಕೂಡಲಸಂಗಮದ ಶರಣಪರಂಪರೆ ಹಾಗೂ ಇಳಕಲ್ಲಿನ ನೇಕಾರಿಕೆಗಳಿಗೆ ಸಹಜವಾಗಿಯೇ ಪ್ರಾಶಸ್ತ್ಯ ದೊರೆತಿದೆ. ಮಲಪ್ರಭಾ, ಘಟಪ್ರಭಾ ಮತ್ತು ಕೃಷ್ಣಾ ನದಿಗಳು ಹರಿಯುವ ಈ ನಾಡಿನಲ್ಲಿ ನೀರನ್ನೇ ನಂಬಿ ಬದುಕಿದವರ ಕಸುಬಿಗೆ ಅಂತಹ ಸ್ಥಾನ ಸಿಕ್ಕಿಲ್ಲ. ಬಾದಾಮಿಯ ಎರಡನೆಯ ಗುಹೆಯ ಛತ್ತಿನಲ್ಲಿ ಹದಿನಾರು ಮೀನುಗಳೇ ಅರೆಗಳಾಗಿರುವ ಚಕ್ರವೊಂದಿದೆ. ಕಲೆಯಲ್ಲಿ ಮೀನು ಹೀಗೆ ಕಾಣಿಸಿಕೊಂಡರೂ ಅದನ್ನು ಹಿಡಿಯುವವನು ಕಾಣಿಸುವುದಿಲ್ಲ. ಶಾಸನಗಳ ಮುಖ್ಯ ವಿಷಯ ದಾನ, ಭೂಮಿ, ತೆರಿಗೆಗಳಾದ್ದರಿಂದ ಕಸುಬಿನ ವಿಧಾನವನ್ನು ಅಲ್ಲಿ ನಿರೀಕ್ಷಿಸುವಂತಿಲ್ಲ. ಆದ್ದರಿಂದ ಈ ಇತಿಹಾಸವನ್ನು ಶಾಸ್ತ್ರಗ್ರಂಥ ಮತ್ತು ಆಡುನುಡಿಗಳೆಂಬ ಎರಡು ಆಕರಗಳಿಂದ ಕಟ್ಟಬೇಕಾಗುತ್ತದೆ.

ಶಾಸ್ತ್ರಗ್ರಂಥಗಳಲ್ಲಿ ಅತಿ ಮುಖ್ಯವಾದುದು ಕಲ್ಯಾಣ ಚಾಲುಕ್ಯ ಅರಸ ಭೂಲೋಕಮಲ್ಲ ಮೂರನೆಯ ಸೋಮೇಶ್ವರನ (ಕ್ರಿ.ಶ. 1126–1138) ‘ಮಾನಸೋಲ್ಲಾಸ’. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರೂ ಇರುವ ಈ ಸಂಸ್ಕೃತ ಕೃತಿ ಸುಮಾರು ಕ್ರಿ.ಶ. 1130ರ ವೇಳೆಗೆ ರಚಿತವಾಯಿತು. ತಾವು ಬಾದಾಮಿ ಚಾಲುಕ್ಯರ ವಂಶದವರೆಂದು ಕಲ್ಯಾಣ ಚಾಲುಕ್ಯರು ಹೇಳಿಕೊಂಡರು. ಕಿಸುಕಾಡು–70 ಅವರ ಆಡಳಿತ ವಿಭಾಗಗಳಲ್ಲಿ ಒಂದಾಗಿತ್ತು. ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿ ಈ ನಾಡನ್ನು ಆಳಿದಳು. ಅವಳ ನೆಲೆವೀಡಾಗಿದ್ದ ವಿಕ್ರಮಪುರವೇ ಹುನಗುಂದ ಸೀಮೆಯ ಇಂದಿನ ಅರಸಿಬೀದಿ. ಹೀಗಾಗಿ ಮಲಪ್ರಭೆಯ ತೀರಕ್ಕೂ ಈ ಗ್ರಂಥ ಹುಟ್ಟಿದ ಅರಮನೆಗೂ ರಾಜಕೀಯವಾಗಿ ನೇರ ಸಂಬಂಧವಿತ್ತು.

ಮಾನಸೋಲ್ಲಾಸವು ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳಾಗಿ ಹರಡಿಕೊಂಡಿದೆ. ಅದರ ನಾಲ್ಕನೆಯ ಭಾಗವಾದ ವಿನೋದ ವಿಂಶತಿಯಲ್ಲಿ ಗಜವಿನೋದ, ಮಲ್ಲವಿನೋದ, ಮೃಗಯಾವಿನೋದಗಳ ಸಾಲಿನಲ್ಲಿ ‘ಮತ್ಸ್ಯವಿನೋದ’ವೂ ಬರುತ್ತದೆ. ಮೀನುಗಳ ವರ್ಗೀಕರಣ, ಅವುಗಳನ್ನು ಕೊಬ್ಬಿಸಲು ನೀರಿಗೆ ಹಾಕುವ ಆಹಾರ, ಗಾಳದ ದಾರ, ಕೋಲು, ಎರೆ, ಸಿಕ್ಕ ಮೀನನ್ನು ದಣಿಸಿ ದಡಕ್ಕೆಳೆಯುವ ಜಾಣ್ಮೆ ಇವು ಅಲ್ಲಿನ ವಿಷಯಗಳು. ವರ್ಗೀಕರಣಕ್ಕೆ ಆಧಾರ ಮೂರು: ಸಮುದ್ರದ್ದೋ ನದಿಯದ್ದೋ, ದೊಡ್ಡದೋ ಚಿಕ್ಕದೋ, ಹುರುಪೆ ಇದೆಯೋ ಇಲ್ಲವೋ.

ಈ ಅಧ್ಯಾಯವನ್ನು ಜಗತ್ತಿನ ಇತರ ದಾಖಲೆಗಳೊಂದಿಗೆ ಹೋಲಿಸುವಾಗ ಒಂದು ಎಚ್ಚರ ಅಗತ್ಯ. ಪುಕ್ಕ ಮತ್ತು ನೂಲಿನಿಂದ ಕೃತಕ ನೊಣವನ್ನು ಕಟ್ಟಿ ಮೀನು ಹಿಡಿಯುವ ಪದ್ಧತಿ ಮ್ಯಾಸಿಡೋನಿಯಾದಲ್ಲಿ ಇದ್ದುದನ್ನು ರೋಮನ್ ಕಾಲದ ಲೇಖಕ ಈಲಿಯನ್ ದಾಖಲಿಸಿದ್ದಾನೆ. ಸೋಮೇಶ್ವರನ ಎರೆ ಮೀನು ತಿನ್ನುವ ಪದಾರ್ಥವೇ ಹೊರತು ಕೃತಕ ನೊಣವಲ್ಲ. ಆದರೆ ಇಂಗ್ಲಿಷಿನಲ್ಲಿ ಗಾಳಗಾರಿಕೆಯ ಮೊದಲ ಮುದ್ರಿತ ಕೃತಿ ಬಂದದ್ದು 1496ರಲ್ಲಿ. ಐಸಾಕ್ ವಾಲ್ಟನ್ನನ ಪ್ರಸಿದ್ಧ ಗ್ರಂಥ ಬಂದದ್ದು 1653ರಲ್ಲಿ. ಅವುಗಳಿಗಿಂತ ಮೂರೂವರೆ ಶತಮಾನಕ್ಕೂ ಹಿಂದೆಯೇ ಕನ್ನಡನಾಡಿನ ದೊರೆಯೊಬ್ಬ ಗಾಳಗಾರಿಕೆಯನ್ನು ಶಾಸ್ತ್ರವಾಗಿ ನಿರೂಪಿಸಿದನೆಂಬುದು ಗಮನಾರ್ಹ.

ಗ್ರಂಥದ ಸಂಪಾದನೆ ಗಾಯಕವಾಡ ಪ್ರಾಚ್ಯ ಮಾಲೆಯಲ್ಲಿ 1925ರಿಂದ ಮೂರು ಸಂಪುಟಗಳಾಗಿ ನಡೆಯಿತು. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ ಅವರು 1951ರಲ್ಲಿ ಮತ್ಸ್ಯವಿನೋದದ ಮೀನುಗಳನ್ನು ಆಧುನಿಕ ಪ್ರಾಣಿಶಾಸ್ತ್ರದ ಬೆಳಕಿನಲ್ಲಿ ಗುರುತಿಸಲು ಯತ್ನಿಸಿದರು. ನಳಿನಿ ಸಾಧಲೆ ಮತ್ತು ವೈ. ಎಲ್. ನೆನೆ ಅವರು 2005ರಲ್ಲಿ ಈ ವಿಷಯವನ್ನು ಮತ್ತೆ ಕೈಗೆತ್ತಿಕೊಂಡರು. ಗುರುತಿಸುವಿಕೆಯ ತೊಡಕುಗಳು ಮಾತ್ರ ಇಂದಿಗೂ ಉಳಿದಿವೆ. ‘ರೋಹಿತ’ ಎಂಬ ಹೆಸರನ್ನೇ ನಿದರ್ಶನವಾಗಿ ನೋಡಬಹುದು. ಇಂದು ರೋಹು ಎಂದು ಕರೆಯುವ ಮೀನು ಮೂಲತಃ ಉತ್ತರ ಭಾರತದ ನದಿಗಳದ್ದು. ದಕ್ಷಿಣದ ಹಲವು ನದಿ–ಜಲಾಶಯಗಳಿಗೆ ಅದನ್ನು ತಂದು ಬಿಟ್ಟದ್ದು ಆಧುನಿಕ ಕಾಲದಲ್ಲಿ. ಹಾಗಾದರೆ ಹನ್ನೆರಡನೆಯ ಶತಮಾನದ ದಖನ್ನಿನ ಗ್ರಂಥದಲ್ಲಿರುವ ರೋಹಿತ ಯಾವುದು? ಹಿಂದಿನ ಸಂಸ್ಕೃತ ಗ್ರಂಥಗಳಿಂದ ಬಂದ ಹೆಸರೇ, ಅಥವಾ ಕೃಷ್ಣಾ ಕಣಿವೆಯ ಅದೇ ಜಾತಿಯ ಬೇರೊಂದು ಮೀನಿಗೆ ಪಂಡಿತರು ಇಟ್ಟ ಹೆಸರೇ? ಎರಡೂ ಸಾಧ್ಯ.

ಇದಕ್ಕೆ ವ್ಯತಿರಿಕ್ತವಾಗಿ, ಹೋರಾ ಅವರು ಮಹಸೀರ್ ಎಂದು ಗುರುತಿಸಿದ ಮೀನಿಗೆ ಈ ಕಣಿವೆಯಲ್ಲೇ ಆಧಾರವಿದೆ. ದಖನ್ನಿನ ಮಹಸೀರನ್ನು ಕರ್ನಲ್ ಸೈಕ್ಸ್ 1839ರಲ್ಲಿ ವರ್ಣಿಸಿದ್ದು ಪುಣೆಯ ಬಳಿಯ ಮುಳಾ–ಮುಠಾ ನದಿಯಿಂದ. ಆ ನೀರು ಭೀಮೆಯ ಮೂಲಕ ಕೃಷ್ಣೆಯನ್ನು ಸೇರುತ್ತದೆ. ಇನ್ನು ‘ಸೋರ’ ಎಂಬ ಕಡಲಮೀನಿನ ಹೆಸರು ಸಂಸ್ಕೃತದ್ದಾಗಿ ತೋರುವುದಿಲ್ಲ. ಶಾರ್ಕ್ ಮೀನನ್ನು ಸೂಚಿಸುವ ತಮಿಳಿನ ‘ಸುರಾ’, ಮಲಯಾಳದ ‘ಸ್ರಾವು’ ಪದಗಳಿಗೆ ಅದು ಹತ್ತಿರವಾಗಿದೆ. ಮೀನುಗಾರರ ಬಾಯಿಂದ ಕೇಳಿದ ಹೆಸರು ಹೀಗೆ ಶ್ಲೋಕದೊಳಗೆ ಸೇರಿರುವುದು ಒಂದು ಮುಖ್ಯ ಸುಳಿವು. ಯಾವ ಮಡುವಿನಲ್ಲಿ ಯಾವ ಮೀನು ನಿಲ್ಲುತ್ತದೆ, ಯಾವ ಎರೆಗೆ ಬಾಯಿ ಹಾಕುತ್ತದೆ ಎಂಬುದು ಅರಮನೆಯಲ್ಲಿ ಹುಟ್ಟುವ ತಿಳಿವಳಿಕೆಯಲ್ಲ. ಅರಸನ ವಿನೋದದ ಹಿಂದೆ ಹೆಸರಿಲ್ಲದ ಅಂಬಿಗರ ಅನುಭವವಿದೆ ಎಂದು ಊಹಿಸುವುದು ಯುಕ್ತ.

ಆ ಅನುಭವದ ದಾಖಲೆ ಎರಡನೆಯ ಆಕರವಾದ ಆಡುನುಡಿಯಲ್ಲಿದೆ. ಗಾಳ, ಬೆಂಡು, ಬಲೆ, ಕೂಳಿ, ಹರಿಗೋಲು ಇವು ಕಸುಬಿನ ಪದಗಳು. ‘ಎರೆ’ ಎಂಬುದು ಗಾಳಕ್ಕೆ ಸಿಕ್ಕಿಸುವ ಆಹಾರಕ್ಕೂ ಮಣ್ಣಿನ ಹುಳುವಿಗೂ ಸಲ್ಲುವ ಹೆಸರು. ಆ ಹುಳುವಿನ ಉಪಯೋಗವೇ ಅದರ ಹೆಸರಿನಲ್ಲಿ ಉಳಿದಂತಿದೆ. ಬಾಳೆ, ಹಾವುಮೀನು, ಚೇಳುಮೀನು ಮುಂತಾದ ಹೆಸರುಗಳಲ್ಲಿ ಆಕಾರ, ಸ್ವಭಾವ, ಅಪಾಯಗಳ ತಿಳಿವಳಿಕೆ ಅಡಗಿದೆ. ಗ್ರಂಥದ ‘ಪಾಠೀನ’ವನ್ನು ವಿದ್ವಾಂಸರು ಹುರುಪೆಯಿಲ್ಲದ ದೊಡ್ಡ ನದಿಮೀನಾದ ಬಾಳೆಯೆಂದು ಗುರುತಿಸುತ್ತಾರೆ. ಇಂತಹ ಹೊಂದಾಣಿಕೆ ಸಾಧ್ಯವಾಗುವುದು ಸ್ಥಳೀಯ ಹೆಸರು ಮತ್ತು ಮೀನು ಎರಡೂ ಬಲ್ಲವರಿದ್ದಾಗ ಮಾತ್ರ.

ಈ ಆಕರ ಇಂದು ಕ್ಷೀಣಿಸುತ್ತಿದೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಶಂಕುಸ್ಥಾಪನೆಯಾಯಿತು. ಮುಂದೆ ನಾರಾಯಣಪುರ ಜಲಾಶಯದ ಹಿನ್ನೀರು ಕೂಡಲಸಂಗಮವನ್ನು ಆವರಿಸಿತು; ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ದಡದ ಹಳೆಯ ಬಾಗಲಕೋಟೆಯ ಬಹುಭಾಗವನ್ನು ಮುಳುಗಿಸಿತು. ಹರಿವ ಹೊಳೆ ನಿಂತ ನೀರಾದಾಗ ಮಡು, ಸೆಳವು, ಕಲ್ಲುಸಂದುಗಳನ್ನು ಆಧರಿಸಿದ ಹಳೆಯ ಜಾಣ್ಮೆಗೆ ಎಡೆ ಉಳಿಯಲಿಲ್ಲ. ಜಲಾಶಯಗಳಲ್ಲಿ ಬಿತ್ತುವ ಕಾಟ್ಲಾ, ರೋಹು ಮರಿಗಳೊಂದಿಗೆ ಹೊಸ ಹೆಸರುಗಳು ಬಂದವು. ಹಿಡಿಯದ ಮೀನಿನ ಹೆಸರು ಮುಂದಿನ ತಲೆಮಾರಿಗೆ ದಾಟುವುದಿಲ್ಲ.

ಆದ್ದರಿಂದ ಮತ್ಸ್ಯವಿನೋದದ ಅಧ್ಯಯನವು ಗ್ರಂಥಸಂಪಾದನೆಗೆ ಸೀಮಿತವಾದರೆ ಸಾಲದು. ಮಲಪ್ರಭಾ, ಘಟಪ್ರಭಾ, ಕೃಷ್ಣಾ ತೀರಗಳ ಅಂಬಿಗ, ಕಬ್ಬಲಿಗ, ಸುಣಗಾರ, ಬಾರಕೇರ ಸಮುದಾಯಗಳ ಹಿರಿಯರಿಂದ ಮೀನು, ಸಲಕರಣೆ ಮತ್ತು ಮಡುಗಳ ಹೆಸರುಗಳನ್ನು ಸಂಗ್ರಹಿಸಿ, ಸಂಸ್ಕೃತ ಪಾಠದೊಂದಿಗೆ ಮೀನುಶಾಸ್ತ್ರಜ್ಞರ ನೆರವಿನಿಂದ ಹೋಲಿಸುವ ಕಾರ್ಯ ತುರ್ತಾಗಿ ಆಗಬೇಕಾಗಿದೆ. ಅರಸನ ಶ್ಲೋಕಗಳು ಮುದ್ರಣದಲ್ಲಿ ಭದ್ರವಾಗಿವೆ. ಅವುಗಳಿಗೆ ಅರ್ಥ ನೀಡಬಲ್ಲ ಅಂಬಿಗನ ನುಡಿ ಹಾಗಿಲ್ಲ.